ಬುಟ್ಟಿಗೆ ಬೀಳದ ರೊಟ್ಟಿ

ನಮ್ಮದು ಮೂರು ಕೋಣೆಯ ಮನೆ ಎಂದು ಅಪ್ಪ ಬಂದವರೆದುರು ಹೇಳುತ್ತಿದ್ದ. ಎರಡೇ ಎಂದು ಅವ್ವ ಒಳಗಿನಿಂದ ತಿದ್ದುತ್ತಿದ್ದಳು. ಮೂರನೆಯದು ಅಡಿಗೆಮನೆಯ ಹಿಂದಿನ ಕಿಟಕಿಯಿಲ್ಲದ ಒಂದು ಸಂದಿ. ಜೋಳದ ಚೀಲ, ಕುಳ್ಳು, ನನ್ನ ಹಳೆಯ ತೊಟ್ಟಿಲು, ಅವ್ವ ಹೊಲಿಯಬೇಕಾದ ತಾಡಪತ್ರಿಗಳು, ಎಲ್ಲ ಅಲ್ಲೇ. ಬಸವಕಲ್ಯಾಣದಲ್ಲಿ ಲಾರಿಗಳಿಗೇನೂ ಬರ ಇರಲಿಲ್ಲ. ಲಾರಿ ಇದ್ದ ಮೇಲೆ ಸರಕಿಗೆ ಹೊದಿಸಲು ತಾಡಪತ್ರಿ ಬೇಕೇ ಬೇಕು. ಊರ ಹೊರಗಿನ ಕಾರ್ಖಾನೆಯಲ್ಲಿ ದಪ್ಪ ಬಟ್ಟೆಯನ್ನು ಕಾದ ಮೇಣದಲ್ಲಿ ಅದ್ದಿ, ಒಣಗಿಸಿ, ಕತ್ತರಿಸುತ್ತಿದ್ದರು. ಅಂಚು ಮಡಚಿ, ಒಳಗೆ ಹಗ್ಗ ಕೂಡಿಸಿ, ದಬ್ಬಣದಲ್ಲಿ ಹೊಲಿಯುವ ಕೆಲಸವನ್ನು ಮಾತ್ರ ಮನೆಗಳಿಗೆ ಕೊಡುತ್ತಿದ್ದರು. ಊರಲ್ಲೆಲ್ಲ ಅದನ್ನು ಮಾಡುತ್ತಿದ್ದವರು ಇಬ್ಬರೇ, ನನ್ನ ಅವ್ವ ಮಹಾನಂದಾ ಮತ್ತು ನಾನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದ ಎದುರು ಮನೆಯ ಮೆಹಬೂಬ್ಬಿ. ಅಪ್ಪ ಅದೇ ಕಾರ್ಖಾನೆಯಲ್ಲಿ ಮೇಣದ ಕಡಾಯಿಯ ಮುಂದೆ ನಿಲ್ಲುತ್ತಿದ್ದ. ಹೀಗಾಗಿ ನಮ್ಮ ಹಾಸಿಗೆ, ನಮ್ಮ ಪಾತ್ರೆ, ನನ್ನ ಶಾಲೆಯ ಪಾಟಿಚೀಲ ಎಲ್ಲಕ್ಕೂ ಮೇಣದ ವಾಸನೆ. ಪಕ್ಕದಲ್ಲಿ ಕೂತ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ಅವರ ಜಡೆ ಎಳೆಯುತ್ತಿದ್ದೆ. ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅವ್ವ ಮತ್ತು ಮೆಹಬೂಬ್ಬಿ ಖಾಲಾ ನಮ್ಮ ಕಟ್ಟೆಯ ಮೇಲೆ ಒಂದೇ ತಾಡಪತ್ರಿಯ ಎರಡು ತುದಿ ಹಿಡಿದು ಕೂರುತ್ತಿದ್ದರು. ಖಾಲಾನ ಗಂಡ ಲಾರಿ ಡ್ರೈವರ್. ನಾಗಪುರದ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಅದನ್ನು ಅವಳು ಮಳೆ ಬರಲಿಲ್ಲ ಎಂಬಷ್ಟೇ ಸಲೀಸಾಗಿ ಹೇಳುತ್ತಿದ್ದಳು. ನನ್ನ ಅವ್ವ ಎಡಚಿ. ರೊಟ್ಟಿ ಬಡಿಯುವುದು, ಕಸ ಹೊಡೆಯುವುದು, ದಬ್ಬಣ ಹಿಡಿಯುವುದು ಎಲ್ಲ ಎಡಗೈಯಲ್ಲೇ. ಆದ್ದರಿಂದ ಅವಳ ಹೊಲಿಗೆ ಎಡಕ್ಕೆ ವಾಲುತ್ತಿತ್ತು, ಖಾಲಾನದು ಬಲಕ್ಕೆ. ನಡುವೆ ಎರಡೂ ಕೂಡುವಲ್ಲಿ ಖಾಲಾ ನಗುತ್ತಿದ್ದಳು.

“ನೋಡ ಮಹಾನಂದಾ, ನಿನ್ನ ಹೊಲಿಗಿ ಹ್ಯಾಂಗ ಮಾರಿ ತಿರುವಿ ಕುಂತದ. ಅತ್ತಿ ಜೋಡಿ ಜಗಳ ತೆಗದ ಸೊಸಿ ಹಂಗ.”

“ಅತ್ತಿ ನೀನೇ ಇದ್ದಿಯಲ್ಲ, ಸಮಾಧಾನ ಮಾಡು.”

ಅಪ್ಪನ ಹೆಸರು ವೀರಶೆಟ್ಟಿ. ಅಕ್ಷರ ದುಂಡಗಿದ್ದವು, ದನಿ ಗಟ್ಟಿಯಿತ್ತು. ಅಷ್ಟಕ್ಕೇ ಕಾರ್ಮಿಕರು ಅವನನ್ನು ತಮ್ಮ ಸಂಘದ ಕಾರ್ಯದರ್ಶಿ ಮಾಡಿದ್ದರು. ಊರೆಲ್ಲ ಅವನನ್ನು ಸೆಕ್ರೆಟ್ರಿ ಎಂದೇ ಕರೆಯುತ್ತಿತ್ತು. ಆಮೇಲೆ ಮನೆಯೂ ಸಂಘದ ಸಭೆಯಂತೆ ನಡೆಯತೊಡಗಿತು. ಪಲ್ಯಕ್ಕೆ ಉಪ್ಪು ಕಡಿಮೆ ಎಂಬುದನ್ನೂ ಅವನು ಠರಾವಿನ ಹಾಗೆ ಮಂಡಿಸುತ್ತಿದ್ದ. ಅವ್ವ ಅದನ್ನು ಅವಿರೋಧವಾಗಿ ತಳ್ಳಿಹಾಕುತ್ತಿದ್ದಳು. ಅವರ ಜಗಳಗಳು ನನಗೆ ಇಷ್ಟವಾಗುತ್ತಿದ್ದವು, ಏಕೆಂದರೆ ಅವು ಊಟದ ಹೊತ್ತಿಗೆ ಶುರುವಾಗಿ ಊಟದ ಹೊತ್ತಿಗೇ ಮುಗಿಯುತ್ತಿದ್ದವು. ಕಾರ್ಗಿಲ್ ಯುದ್ಧ ಶುರುವಾದ ಬೇಸಿಗೆಯಲ್ಲಿ ಮೊದಲ ಸಲ ಒಂದು ಜಗಳ ತಟ್ಟೆ ತೊಳೆದ ಮೇಲೂ ಉಳಿಯಿತು.

ಮಂಠಾಳದಲ್ಲಿ ಅವ್ವನ ತವರು. ಅವಳ ಒಬ್ಬನೇ ತಮ್ಮ ಶಿವರಾಜ ಮಾಮಾ ಫೌಜಿನಲ್ಲಿದ್ದ. ಟೊಪ್ಪಿಗೆ ಹಾಕಿಕೊಂಡು ನಿಂತ ಅವನ ಫೋಟೊ ದೇವರ ಜಗುಲಿಯ ಪಕ್ಕದಲ್ಲೇ ಇತ್ತು. ಅವ್ವ ಇಷ್ಟಲಿಂಗ ಪೂಜೆ ಮುಗಿಸಿ ಎದ್ದವಳು ಆ ಫೋಟೊಕ್ಕೂ ಒಂದು ಬೆರಳು ವಿಭೂತಿ ಹಚ್ಚುತ್ತಿದ್ದಳು. ಯುದ್ಧ ಶುರುವಾದ ಮೇಲೆ ಅವನ ಕಾಗದ ನಿಂತುಹೋಯಿತು. ಅವ್ವ ರೇಡಿಯೊವನ್ನು ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡಳು. ವಾರ್ತೆಯಲ್ಲಿ ಯಾವುದಾದರೂ ಗುಡ್ಡದ ಹೆಸರು ಬಂದರೆ ಅವಳ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದರೂ ಗೊತ್ತಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಕಾರ್ಖಾನೆಯ ಮಾಲಕ ಗೇಟಿನ ಮೇಲೆ ಹೊಸ ಬೋರ್ಡು ಹಾಕಿಸಿದ: ಇಲ್ಲಿ ದೇಶದ ಕೆಲಸ ನಡೆಯುತ್ತಿದೆ. ಸೈನ್ಯಕ್ಕೆ ಡೇರೆ ಬೇಕಾಗಿವೆ, ಇನ್ನು ಮೇಲೆ ಹನ್ನೆರಡು ತಾಸಿನ ಪಾಳಿ, ವಾರದ ರಜೆ ಇಲ್ಲ ಎಂದ. ಶರಣರು ನಡೆದಾಡಿದ ನೆಲ ಇದು, ಕಾಯಕ ನಿಲ್ಲಿಸುವುದು ಪಾಪ ಎಂದೂ ಸೇರಿಸಿದ. ಅಪ್ಪ ಎದ್ದು ನಿಂತು, ಶರಣರು ಕಾಯಕ ಮಾಡಿದ್ದು ನಿಜ, ಆದರೆ ಅವರಿಗೆ ನಿದ್ದೆಗೆಡಿಸುವ ಮಾಲಕ ಇರಲಿಲ್ಲ ಎಂದನಂತೆ. ಈ ಮಾತನ್ನು ಮನೆಯಲ್ಲಿ ನಾಲ್ಕು ಸಲ ಹೇಳಿದ. ಹತ್ತು ದಿನ ಹಾಗೆ ನಡೆದ ಮೇಲೆ, ನಿಂತಲ್ಲೇ ತೂಕಡಿಸಿದ ಪೀರಪ್ಪ ಎಂಬವನ ಬಲಗೈ ಮೊಣಕೈವರೆಗೆ ಕಾದ ಮೇಣದೊಳಗೆ ಹೋಯಿತು. ಅವನನ್ನು ಎಳೆದು ತೆಗೆದವನು ನನ್ನಪ್ಪ. ಅವತ್ತು ಮನೆಗೆ ಬಂದು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಕೂತ, ಊಟ ಮಾಡಲಿಲ್ಲ. ಮರುದಿನ ಸ್ಟ್ರೈಕ್ ಶುರುವಾಯಿತು.

ಗೇಟಿನ ಮುಂದೆ ಪೆಂಡಾಲು ಹಾಕಿದರು. ಅಲ್ಲಿ ಕೂತವರ ಊಟಕ್ಕೆ ಅಪ್ಪ ಒಂದು ಪದ್ಧತಿ ಮಾಡಿದ: ಪ್ರತಿ ಮನೆಯಿಂದ ಮೂರು ರೊಟ್ಟಿ, ಎಲ್ಲ ಒಂದೇ ಬುಟ್ಟಿಗೆ, ಯಾರ ರೊಟ್ಟಿ ಯಾರ ಪಾಲಿಗೆ ಎಂದು ಕೇಳುವಂತಿಲ್ಲ. ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಲಿಂಗಾಯತರಿದ್ದರು, ಬೌದ್ಧರಿದ್ದರು, ಮರಾಠರಿದ್ದರು, ಮೆಹಬೂಬ್ಬಿ ಖಾಲಾ ಇದ್ದಳು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ನೆಪ ಹೇಳಿ ತಪ್ಪಿಸಿಕೊಳ್ಳುವ ಓಣಿ ಅದು. ಆ ಬುಟ್ಟಿಯನ್ನು ಮನೆ ಮನೆಗೆ ಒಯ್ಯುವವಳು ನಾನು, ಹತ್ತು ವರ್ಷದವಳು. ಎಲ್ಲ ರೊಟ್ಟಿಗಳೂ ಒಂದರ ಮೇಲೊಂದು ಬಿದ್ದದ್ದನ್ನು ನೋಡಿ ಮೊದಲ ದಿನ ಅಪ್ಪನ ಕಣ್ಣು ಒದ್ದೆಯಾದವು. ಪಕ್ಕದ ಮನೆಯ ಗುರಮ್ಮಾಯಿ ಮಾತ್ರ ತನ್ನ ಮೂರು ರೊಟ್ಟಿಗಳನ್ನು ಬುಟ್ಟಿಯ ಅಂಚಿಗೆ, ಬೇರೆಯವರದು ತಾಗದಂತೆ ನಿಲ್ಲಿಸಿ ಇಡುತ್ತಿದ್ದಳು. ನಾನು ಓಣಿಯ ತಿರುವಿನಲ್ಲಿ ಬುಟ್ಟಿಯನ್ನು ಒಮ್ಮೆ ಕುಲುಕಿ ಎಲ್ಲ ಬೆರೆಸಿಬಿಡುತ್ತಿದ್ದೆ. ಅಪ್ಪ ಮಾಡಿದ ನಿಯಮ ಇನ್ನೊಂದೂ ಇತ್ತು. ಸ್ಟ್ರೈಕ್ ನಡೆದಾಗ ಕದ್ದು ಕೆಲಸ ಮಾಡಿದ ಮನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿಸಿಕೊಳ್ಳಬಾರದು.

ಮನೆಯೊಳಗೆ ಮಾತ್ರ ಉರಿ ಹತ್ತಿತ್ತು.

“ನನ್ನ ತಮ್ಮ ಅಲ್ಲಿ ಗುಡ್ಡದ ಮ್ಯಾಲ ಕುಂತಾನ. ನೀವು ಇಲ್ಲಿ ಗೇಟಿನ ಮುಂದ ಕುಂತೀರಿ. ಮಂದಿ ಏನ್ ಅನ್ನಾಕತ್ತಾರ ಗೊತ್ತದೇನ್ರಿ? ದೇಶದ್ರೋಹಿಗೋಳು ಅಂತಾರ.”

“ಪೀರಪ್ಪನ ಕೈ ನೋಡಿಲ್ಲ ಅವರು.”

“ಪೀರಪ್ಪನ ಕೈ ಹೋತು. ನನ್ನ ತಮ್ಮನ ಜೀವಾ ಹೋದ್ರ?”

ಅಪ್ಪ ತಟ್ಟೆ ಸರಿಸಿ ಎದ್ದ. ಇಬ್ಬರ ಮಾತೂ ಸರಿ ಎನಿಸಿ ನನಗೆ ಹೆದರಿಕೆಯಾಯಿತು. ಅದುವರೆಗೆ ಜಗಳದಲ್ಲಿ ಯಾರಾದರೂ ಒಬ್ಬರು ತಪ್ಪಿರಬೇಕು ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು, ಅಪ್ಪ ಪೆಂಡಾಲಿನಲ್ಲಿದ್ದ ಹೊತ್ತಿನಲ್ಲಿ, ಮನೆಗಳಿಗೆ ಕೆಲಸ ಹಂಚುವ ಕಾರ್ಖಾನೆಯ ಮುಕಾದಮ ನಮ್ಮ ಹಿತ್ತಲ ಬಾಗಿಲಿಗೆ ಬಂದ. ಅಲ್ಲಿ ಟೆಂಪೊ ನಿಂತಿತ್ತು. ಬಹಳ ಮರ್ಯಾದೆಯಿಂದ ಮಾತಾಡಿದ.

“ಅಕ್ಕಾವ್ರ, ಹೊಲಿಯೋ ಮಂದಿ ಇಲ್ಲ. ಡೇರೆ ಹಂಗೇ ಬಿದ್ದಾವ. ನಿಮ್ಮ ತಮ್ಮನೋರು ಮಂಜಿನಾಗ ಬಯಲಾಗ ಮಕ್ಕೋಬೇಕೇನ್ರಿ? ನೀವೇ ಹೇಳ್ರಿ.”

ಅವ್ವ ಫೋಟೊದ ಕಡೆ ನೋಡಿದಳು. ಸಂದಿಯ ಬಾಗಿಲು ತೆರೆದಳು. ಆಮೇಲೆ ನಾಲ್ಕು ದಿನ ಮಧ್ಯಾಹ್ನ ನಾವಿಬ್ಬರೂ ಆ ಕತ್ತಲೆಯಲ್ಲಿ ಚಿಮಣಿ ಹಚ್ಚಿಕೊಂಡು ಕೂತೆವು. ಬಟ್ಟೆ ಬಿಗಿಯಾಗಿ ಹಿಡಿಯುವವಳು ನಾನು. ಅವಳು ಹೊಲಿಯುತ್ತ ಬಾಯೊಳಗೇ ಏನೋ ಅನ್ನುತ್ತಿದ್ದಳು. ಪ್ರತಿ ಹೊಲಿಗೆಗೂ ತಮ್ಮನ ಹೆಸರು ಎಂದು ಎರಡನೆಯ ದಿನ ನನಗೆ ತಿಳಿಯಿತು. ಯಾರಿಗೂ ಹೇಳಬಾರದು ಎಂದು ಮಾಮಾನ ಮೇಲೆ ಆಣೆ ಹಾಕಿಸಿದಳು. ಖಾಲಾ ಕಟ್ಟೆಯ ಮೇಲೆ ಬಂದು ಕೂತು ಕರೆದರೆ, ತಲೆನೋವೆಂದು ಹೇಳಿ ಕಳಿಸುವುದೂ ನನ್ನ ಕೆಲಸವಾಗಿತ್ತು. ಖಾಲಾನ ದಬ್ಬಣ ಸ್ಟ್ರೈಕ್ ಶುರುವಾದ ದಿನದಿಂದ ಅವಳ ಮನೆಯ ಗೋಡೆಯ ಗೂಡಿನಲ್ಲೇ ಇತ್ತು. ಮುಕಾದಮ ಅವಳ ಬಾಗಿಲಿಗೂ ಹೋಗಿದ್ದನಂತೆ. ಅವಳು ಒಲ್ಲೆ ಎಂದಿದ್ದಳಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಐದನೆಯ ದಿನ ನಾನು ಬುಟ್ಟಿ ಹೊತ್ತು ಪೆಂಡಾಲಿಗೆ ಹೋದಾಗ ಅಲ್ಲಿ ಗದ್ದಲ. ಗೇಟಿನಿಂದ ಹೊರಟ ಒಂದು ಲಾರಿಯನ್ನು ಕಾರ್ಮಿಕರು ತಡೆದಿದ್ದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಡ್ರೈವರ್ ಪಾಪ, ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲವೇನೋ, ಸೊಲ್ಲಾಪುರದ ಉಳ್ಳಾಗಡ್ಡಿ ಗೋದಾಮಿಗೆ ಎಂದುಬಿಟ್ಟ. ಸೈನ್ಯವೂ ಇಲ್ಲ, ಡೇರೆಯೂ ಇಲ್ಲ, ಈರುಳ್ಳಿ ಚೀಲಕ್ಕೆ ಹೊದಿಸುವ ತಾಡಪತ್ರಿ. ಒಂದು ಗಂಟು ಕೆಳಗಿಳಿಸಿ ಬಿಚ್ಚಿದರು. ಅಪ್ಪ ಬಗ್ಗಿ ಅಂಚನ್ನು ಬೆರಳ ಮೇಲೆ ಎತ್ತಿಕೊಂಡ. ಹೊಲಿಗೆ ಉದ್ದಕ್ಕೂ ಎಡಕ್ಕೆ ವಾಲಿತ್ತು. ನಾನು ಅಪ್ಪನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಆಮೇಲೆ ಆ ಅಂಚನ್ನು ಒಳಗೆ ಮಾಡಿ ತಾಡಪತ್ರಿಯನ್ನು ನಿಧಾನಕ್ಕೆ ಸುತ್ತತೊಡಗಿದ.

“ಈ ಕೆಲಸ ಮಾಡೋ ಮನಿ ಎರಡೇ ಅವ,” ಎಂದ ಒಬ್ಬ. “ಒಂದು ಸೆಕ್ರೆಟ್ರಿ ಮನಿ.”

ಇನ್ನೊಂದು ಯಾರದು ಎಂದು ಯಾರೂ ಹೇಳಬೇಕಾಗಲಿಲ್ಲ.

“ಅವರ ಮಂದಿ ಮ್ಯಾಲ ಹ್ಯಾಂಗ ಭರೋಸಾ ಇಡ್ತೀರಿ? ಅದೂ ಇಂಥಾ ಟೈಮಿನಾಗ?”

ಅಪ್ಪ ಥಟ್ಟನೆ ತಲೆ ಎತ್ತಿದ. “ಜಾತಿ ಮಾತು ಇಲ್ಲಿ ಬ್ಯಾಡ. ನಿಯಮ ಎಲ್ಲಾರಿಗೂ ಒಂದೇ.”

ಎಷ್ಟು ಚೆಂದದ ಮಾತು! ಒಂದಿಬ್ಬರು ತಲೆತಗ್ಗಿಸಿದರು. ಆ ಒಂದು ಮಾತಿನ ಮುಂದೆ ಇನ್ನೊಂದು ಮಾತು ಅವನು ಆಡಬೇಕಿತ್ತು. ಆಡಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಮೆಹಬೂಬ್ಬಿಯ ಮನೆಯ ರೊಟ್ಟಿ ಬೇಡ ಎಂದು ತೀರ್ಮಾನವಾಯಿತು.

ಆ ಸಂಜೆ ಅವ್ವ ಪುಂಡಿಪಲ್ಯ ಬಡಿಸಿದಳು. ಅಪ್ಪ ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡ.

“ಸೊಲ್ಲಾಪುರಕ್ಕ ಹೊಂಟಿತ್ತು. ಉಳ್ಳಾಗಡ್ಡಿ ಗೋದಾಮಿಗಂತ.”

ಅವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಗಂಡನಿಗೆ ಗೊತ್ತಾಗಿದೆ ಎಂಬುದೂ, ತಾನು ಮೋಸಹೋದೆ ಎಂಬುದೂ ಅವಳಿಗೆ ಒಂದೇ ಮಾತಿನಲ್ಲಿ ಮುಟ್ಟಿದವು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಮೆಹಬೂಬ್ಬಿಯ ಮೇಲೆ ಬಂದದ್ದನ್ನು ಅವನು ನೆಲ ನೋಡುತ್ತ ಹೇಳಿದ.

“ನಾ ನಾಳೆ ಬಂದು ಎಲ್ಲಾರ ಮುಂದ ಹೇಳ್ತೀನಿ,” ಎಂದಳು ಅವ್ವ. “ಹೊಲದಾಕಿ ನಾ ಅಂತ.”

“ಹೇಳಿದಿ ಅಂದ್ರ ಗೇಟಿನ ಮುಂದ ಒಬ್ಬಂವ ಕುಂಡ್ರಂಗಿಲ್ಲ. ಸೆಕ್ರೆಟ್ರಿ ಹೆಂಡ್ತಿನೇ ಹೊಲದಾಳ ಅಂದ್ರ ಮುಗೀತು. ಪೀರಪ್ಪನ ಕೈ ಸುಟ್ಟಿದ್ದೂ ದಂಡ.”

“ಮತ್ತ ಆಕಿ?”

“ಸ್ಟ್ರೈಕ್ ಮುಗೀಲಿ. ನಾನೇ ಹೇಳ್ತೀನಿ.”

ಅವ್ವ ಪಲ್ಯದ ಗಡಿಗೆ ಮುಚ್ಚಿದಳು, ತಟ್ಟೆ ಎತ್ತಿದಳು. ಕೊನೆಗೆ ಒಲೆ ಆರಿಸಿದಳು. ಒಪ್ಪಿದಳು ಎಂದು ನನಗೆ ಅರ್ಥವಾಯಿತು. ಅವಳು ಒಪ್ಪಬಾರದು ಎಂದು ನಾನು ಆಶಿಸಿದ್ದೆನೋ, ಒಪ್ಪಲಿ ಎಂದೋ, ಈಗ ಎಷ್ಟು ಯೋಚಿಸಿದರೂ ಹೇಳಲಾರೆ. ನಮ್ಮ ಮನೆಯ ಹೆಸರು ಉಳಿಯಿತು ಎಂಬ ಸಮಾಧಾನ ಆ ಕ್ಷಣ ಇದ್ದದ್ದಂತೂ ನಿಜ.

ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟೆ. ಖಾಲಾ ಎಂದಿನಂತೆ ಬಿಳಿ ವಸ್ತ್ರದಲ್ಲಿ ಮೂರು ರೊಟ್ಟಿ ಸುತ್ತಿ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ ಇಟ್ಟು, ಹೊಸ್ತಿಲಲ್ಲಿ ನಿಂತಿದ್ದಳು. ನಾನು ಕಣ್ಣೆತ್ತದೆ ಮುಂದೆ ನಡೆದೆ.

“ಯಾಕ ಬೇಟಿ, ಇವತ್ತ ನನ್ನ ಮನಿ ಮರತಿ?”

“ನಿಮ್ಮ ಮನೀದು ಬ್ಯಾಡ ಅಂದಾರ.”

“ಯಾರು?”

“ಎಲ್ಲಾರೂ.”

ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಸ್ತ್ರದ ಗಂಟು ಹಾಗೇ ಚಾಚಿ ನಿಂತಿದ್ದಳು, ನಾನು ತಮಾಷೆ ಮಾಡುತ್ತಿದ್ದೇನೆ, ಈಗ ನಕ್ಕು ತಿರುಗುತ್ತೇನೆ ಎಂಬಂತೆ. ನನಗೆ ದುಃಖವಾಗಬೇಕಿತ್ತು. ಆದದ್ದು ಸಿಟ್ಟು. ಅಲ್ಲಿ ಯಾಕೆ ನಿಂತಿದ್ದಾಳೆ, ಒಳಗೆ ಹೋಗಬಾರದೇ ಎಂದು ಅವಳ ಮೇಲೆಯೇ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ತಪ್ಪಿಲ್ಲದವರನ್ನು ಕಂಡರೆ ಬರುವ ಸಿಟ್ಟು ಅದು ಎಂದು ಈಗ ಬಲ್ಲೆ. ಮುಂದಿನ ಬಾಗಿಲಲ್ಲಿ ಗುರಮ್ಮಾಯಿ ತನ್ನ ರೊಟ್ಟಿಗಳನ್ನು ಅವತ್ತು ಅಂಚಿಗೆ ನಿಲ್ಲಿಸದೆ ಬುಟ್ಟಿಯ ನಡುವೆಯೇ ಆರಾಮವಾಗಿ ಇಟ್ಟಳು. ಓಣಿಯಲ್ಲಿ ಇನ್ನೂ ಕೆಲವರಿಗೆ ಹಾಗೇ ನಿರಾಳವಾದದ್ದನ್ನು ನೋಡಿದೆ. ಹಳೆಯ ಆಸೆಯೊಂದಕ್ಕೆ ಹೊಸ ನೆಪ ಸಿಕ್ಕಿತ್ತು.

ಯುದ್ಧ ಮುಗಿಯಿತು. ಶಿವರಾಜ ಮಾಮಾನ ಕಾಗದವೂ ಬಂತು. ಅವನು ಗುಡ್ಡದ ಹತ್ತಿರವೂ ಹೋಗಿರಲಿಲ್ಲ, ಕೆಳಗೆ ಬಯಲಿನ ಯಾವುದೋ ಉಗ್ರಾಣದಲ್ಲಿ ಲಾರಿ ತುಂಬಿಸುತ್ತಿದ್ದ. ಅವ್ವ ಕಾಗದ ಓದಿಸಿಕೊಂಡು ಮೊದಲು ಅತ್ತಳು, ಆಮೇಲೆ ನಕ್ಕಳು, ಮತ್ತೆ ಅತ್ತಳು. ಸ್ಟ್ರೈಕ್ ಕೂಡ ಮುಗಿಯಿತು, ಸೋತು. ದಿನಕ್ಕೆ ನಾಲ್ಕೈದು ಜನ ಒಳಗೆ ಹೋಗುತ್ತ ಹೋಗುತ್ತ, ಕೊನೆಗೆ ಅಪ್ಪ ಮತ್ತು ಕೈ ಕಳೆದುಕೊಂಡ ಪೀರಪ್ಪ ಇಬ್ಬರೇ ಹೊರಗೆ ಉಳಿದರು. ಅಪ್ಪ ಲಾರಿಗಳಿಗೆ ಮರದ ಬಾಡಿ ಕಟ್ಟುವ ಕಡೆ ಕೆಲಸಕ್ಕೆ ಸೇರಿದ. ಅವನು ಹೇಳುತ್ತಾನೆ, ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ನಾನು ಕಾದೆ. ಅಷ್ಟರಲ್ಲಿ ಖಾಲಾ ಒಂದು ಟೆಂಪೊದಲ್ಲಿ ಪಾತ್ರೆ ಪಡಗ ಹೇರಿಕೊಂಡು ಹುಮನಾಬಾದಿನ ತನ್ನ ಅಕ್ಕನ ಮನೆಗೆ ಹೊರಟುಹೋದಳು. ಅವ್ವ ಸಂದಿಯಲ್ಲಿ ಜೋಳ ಕೇರುತ್ತ ಕೂತವಳು ಟೆಂಪೊದ ಸದ್ದು ನಿಲ್ಲುವ ತನಕ ಹೊರಗೆ ಬರಲಿಲ್ಲ. ಮತ್ತೆಂದೂ ಅವಳು ದಬ್ಬಣ ಮುಟ್ಟಲಿಲ್ಲ.

ಹನ್ನೆರಡು ವರ್ಷದ ಮೇಲೆ ನಾನು ಹುಮನಾಬಾದಿನ ಒಂದು ಶಾಲೆಗೆ ಟೀಚರಾಗಿ ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮಿಷನ್ನಿನ ಮುಂದೆ ಕೂತು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದವಳು ನನ್ನನ್ನು ಹೆಸರು ಹಿಡಿದು ಕರೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಹಿಡಿದು ಒಳಗೆ ಕರೆದೊಯ್ದಳು, ತಟ್ಟೆ ಇಟ್ಟಳು, ಬೇಡ ಎಂದರೂ ರೊಟ್ಟಿ ಬಡಿಸಿದಳು. ಮುರಿದ ತುತ್ತನ್ನು ತಟ್ಟೆಗೇ ಇಟ್ಟೆ. ಹತ್ತು ವರ್ಷದ ಹುಡುಗಿ ನುಂಗಿದ್ದನ್ನು ಅಲ್ಲೇ ಹೇಳಿಬಿಟ್ಟೆ. ಅವಳು ನೀರಿನ ಚೆಂಬು ನನ್ನ ಕಡೆ ಸರಿಸಿದಳು.

“ನನಗ ಆಗೇ ಗೊತ್ತಿತ್ತು ಬೇಟಿ. ಮುಕಾದಮ ನನ್ನ ಕಡಿಂದ ನೆಟ್ಟಗ ನಿಮ್ಮ ಹಿತ್ತಲಿಗೇ ಹೋದ.”

“ಮತ್ತ ಯಾಕ ಹೇಳಲಿಲ್ಲ?”

“ಯಾರ ಮುಂದ? ಆ ದಿನದಾಗ ನನ್ನ ಮಾತು ಯಾರು ಕೇಳತಿದ್ರು? ಫೌಜಿ ಅಕ್ಕನ ಮ್ಯಾಲ ನಾ ಬಾಯಿ ಮಾಡಿದ್ದರ ಮನೀಗೆ ಕಲ್ಲು ಬೀಳತಿದ್ದವು.” ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅಂದಳು: “ಮಹಾನಂದಾ ಬರ್ತಾಳ ಅಂದ್ಕೊಂಡಿದ್ದೆ. ಮಂದಿ ಮುಂದ ಬ್ಯಾಡ, ಹಿತ್ತಲ ಬಾಗಿಲಿಗಾದ್ರೂ. ಸ್ಟ್ರೈಕ್ ಮುಗದ ಮ್ಯಾಲೂ ಎಂಟ್ ದಿನ ದಾರಿ ನೋಡಿ ಟೆಂಪೊ ಹೇಳಿದೆ.”

ಆ ಸಂಜೆ ಇದನ್ನು ಅವ್ವನಿಗೆ ಒಂದಕ್ಷರ ಬಿಡದೆ ಹೇಳಿದೆ. ನೋಯಲಿ ಎಂದೇ ಹೇಳಿದೆ, ಸುಳ್ಳು ಯಾಕೆ ಹೇಳಲಿ. ಅವಳು ಕೇಳಿದಳು, ಎದ್ದು ಹೋಗಿ ರೊಟ್ಟಿ ಬಡಿದಳು. ಮರುದಿನ ಭಾನುವಾರ. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಓಣಿಯ ಪ್ರತಿ ಬಾಗಿಲಿಗೂ ಹೋಗಿ ಹೇಳುತ್ತೇನೆ, ಆಮೇಲೆ ಹುಮನಾಬಾದಿಗೆ ಹೋಗುತ್ತೇನೆ ಎಂದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ, ಆಗಲೇ ಬೆನ್ನು ಬಾಗಿದ್ದ ಅಪ್ಪ, ಮೆಲ್ಲಗೆ ಕೇಳಿದ.

“ಈಗ್ಯಾಕ ಮಹಾನಂದಾ? ಎಲ್ಲಾ ಮುಗದು ಹೋಗ್ಯಾದ.”

“ಮುಗದ ಮ್ಯಾಲ ಹೇಳ್ತೀನಿ ಅಂದಿದ್ರಲ್ರಿ ನೀವು. ಮುಗೀತಲ್ಲ.”

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತ. ನಾನು ಅವ್ವನ ಹಿಂದೆ ಹೋದೆ. ಮೊದಲ ಮನೆಯಲ್ಲಿ ಹೊಸ ಸೊಸೆ ಬಾಗಿಲು ತೆರೆದಳು. ಮೆಹಬೂಬ್ಬಿ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಮನೆಯಲ್ಲಿ, ಹೋಗಲಿ ಬಿಡ್ರಿ, ಹಳೇ ಮಾತು ಎಂದರು. ಮೂರನೆಯ ಮನೆಯಾತ ಚಹಾ ಕುಡಿದು ಹೋಗಿ ಎಂದು ಒತ್ತಾಯ ಮಾಡಿದ. ಬೈದವರಿಲ್ಲ, ಬೆರಗಾದವರೂ ಇಲ್ಲ. ಇಷ್ಟು ವರ್ಷ ಎದೆಯ ಮೇಲೆ ಕಲ್ಲು ಹೊತ್ತವಳಿಗೆ ಅದನ್ನು ಇಳಿಸಲು ಒಂದು ಜಾಗವೂ ಸಿಗುತ್ತಿರಲಿಲ್ಲ. ಮನೆಯಿಂದ ಮನೆಗೆ ಅವ್ವನ ದನಿ ಸಣ್ಣಗಾಗುತ್ತ ಹೋಯಿತು. ಹೀಗೆ ಕೊನೆಗೆ ಗುರಮ್ಮಾಯಿಯ ಬಾಗಿಲಿಗೆ ಬಂದೆವು. ಆಯಿಗೆ ಕಣ್ಣು ಮಂಜಾಗಿದ್ದವು, ಹೊಸ್ತಿಲಲ್ಲಿ ಕೂತು ಬಿಸಿಲು ಕಾಯಿಸುತ್ತಿದ್ದಳು.

“ಆಯಿ, ಆವತ್ತ ತಾಡಪತ್ರಿ ಹೊಲದಾಕಿ ಮೆಹಬೂಬ್ಬಿ ಅಲ್ಲ. ನಾನು.”

“ಗೊತ್ತದಲ್ಲವ್ವಾ,” ಎಂದಳು ಆಯಿ. “ಹಿತ್ತಲಾಗ ಟೆಂಪೊ ಬಂದು ನಿಂತಿದ್ದು ಯಾರಿಗೆ ಕಂಡಿಲ್ಲ? ಓಣಿಗೆಲ್ಲಾ ಗೊತ್ತಿತ್ತು.”

ಅವ್ವ ಆಯಿಯ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು. “ಗೊತ್ತಿದ್ದೂ ಒಬ್ಬರೂ ಆಡಲಿಲ್ಲಲ್ಲ ಆಯಿ.”

ಆಯಿ ನಕ್ಕಳು. ಬಾಯಲ್ಲಿ ಹಲ್ಲಿರಲಿಲ್ಲ. ಒಳ್ಳೆಯ ದಿನಗಳನ್ನು ನೆನೆಸಿಕೊಂಡವಳ ಹಾಗೆ ಅವ್ವನ ಕೈ ಸವರಿದಳು.

“ಆಗ ಓಣಿ ಎಷ್ಟು ಒಗ್ಗಟ್ಟಿತ್ತು ನೋಡವ್ವಾ. ಈಗ ಎಲ್ಲಿ ಅದ ಅಂಥಾ ಒಗ್ಗಟ್ಟು?”